ಗೇಟಿನ ಹತ್ತಿರ ಎರಡು ಕಡ್ಡಿ

ನಮ್ಮ ಕಂಪನಿ ಇನ್ನೊಂದು ಮೊಬೈಲ್ ಕಂಪನಿಯ ಜೊತೆ ಸೇರಿಹೋಗುತ್ತದಂತೆ ಎಂಬ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಶಿರಾದಲ್ಲಿ, ಸಿಮ್ಮು ಚಾರ್ಜರು ಮಾರುವ ಭಾಯಿಯೊಬ್ಬರ ಅಂಗಡಿಯ ಮುಂದೆ. ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವುದಕ್ಕೂ ಬಿಡದೆ ಅವರು ಒಳಗಿನಿಂದಲೇ ಮಾತಾಡಿಸಿದರು.

"ಕ್ಯಾ ಸಾಬ್, ನಿಮ್ ಕಂಪನಿಗೆ ನಿಕಾ ಫಿಕ್ಸ್ ಆಯ್ತಂತೆ. ನಮ್ಗೆ ದಾವತ್ ಇಲ್ವಾ?"

"ಯಾರು ಹೇಳಿದ್ದು ಭಾಯಿ?"

"ಗಂಡಿನ ಕಡೆಯೋರೇ ಹೇಳಿದ್ರು, ಸಿಮ್ ಕೊಡಕ್ಕೆ ಬಂದಿದ್ರಲ್ಲ. ಹೆಣ್ಣಿನ ಕಡೆಯೋರು ನೀವು, ನಿಮ್ಗೇ ಗೊತ್ತಿಲ್ಲ ಅಂದ್ರೆ ಹೆಂಗೆ?"

ನಾನು ನಕ್ಕುಬಿಟ್ಟೆ. ಆದರೆ ಆ ವಾರ ಹೋದಲ್ಲೆಲ್ಲ ಸುದ್ದಿ ನನಗಿಂತ ಮುಂಚೆ ಹೋಗಿ ಕೂತಿತ್ತು. ಮಧುಗಿರಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಕಂಪನಿ ಮುಳುಗಿದೆ, ಸಿಮ್ಮೆಲ್ಲ ಬಂದ್ ಆಗುತ್ತದೆ ಅಂದರು. ಕೊರಟಗೆರೆಗೆ ಹೋಗುವಷ್ಟರಲ್ಲಿ ಅದು ತಿರುಗಾಮುರುಗಾ ಆಗಿ, ನಾವೇ ಆ ಕಂಪನಿಯನ್ನು ಕೊಂಡುಕೊಂಡಿದ್ದೇವೆ ಎಂದು ಒಬ್ಬರು ನನ್ನ ಕೈ ಕುಲುಕಿದರು. ಪಾವಗಡದಲ್ಲಿ ಟವರಿಗೆ ಜಾಗ ಕೊಟ್ಟಿದ್ದ ಯಜಮಾನರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಏಮಪ್ಪಾ, ಮೀ ಕಂಪನಿನಿ ಅಮ್ಮೇಶಾರಂಟ ಕದಾ. ನಮ್ ಜಾಗಾನೂ ಸೇರ್ಸಿ ಮಾರ್ಬುಟ್ರಾ ಹೆಂಗೆ?" ಎಂದು ತಮಾಷೆಯೋ ನಿಜವೋ ತಿಳಿಯದ ಹಾಗೆ ಕೇಳಿದರು.

ಈ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ಕಂಪನಿಯ ಟವರುಗಳನ್ನು ನೋಡಿಕೊಳ್ಳುವುದು ಆಗ ನನ್ನ ಕೆಲಸ. ಕರೆಂಟು ಹೋದರೆ ಜನರೇಟರ್ ಹತ್ತಬೇಕು, ಅದು ಹತ್ತುವವರೆಗೆ ಬ್ಯಾಟರಿ ತಡೆಯಬೇಕು, ಬಿಸಿಲಿಗೆ ಪೆಟ್ಟಿಗೆ ಕಾಯಬಾರದು, ಇಲಿ ಕೇಬಲ್ ಕಡಿಯಬಾರದು. ಇಷ್ಟೆಲ್ಲ ಸರಿಯಾಗಿದ್ದರೆ ನಾನು ಇದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ವಾರ ಮಾತ್ರ ಎಲ್ಲರಿಗೂ ನಾನು ಬೇಕಾದೆ.

ತುಮಕೂರಿನ ಆಫೀಸಿನಲ್ಲಿದ್ದ ನಮ್ಮ ಸಾಹೇಬರಿಗೆ ಫೋನ್ ಮಾಡಿದೆ. ನನಗೆ ಕೆಲಸ ಕಲಿಸಿದವರೇ ಅವರು. ಟವರಿನ ಮೇಲೆ ಬೆಲ್ಟ್ ಹೇಗೆ ಕಟ್ಟಿಕೊಳ್ಳಬೇಕೆಂದು ನನ್ನ ಸೊಂಟ ಹಿಡಿದು ತೋರಿಸಿಕೊಟ್ಟವರು. ಅವರ ಮಾತಿಗೆ ನಾನು ಯಾವತ್ತೂ ಮರುಪ್ರಶ್ನೆ ಹಾಕಿದವನಲ್ಲ.

"ಅದೆಲ್ಲ ಗಾಳಿ ಸುದ್ದಿ ಕಣ್ರೀ," ಅಂದರು. "ಯಾರು ಕೇಳಿದ್ರೂ ಇಲ್ಲ ಅಂತ ಹೇಳಿ. ನೀವು ಹೇಳಿದ್ರೆ ಆ ಕಡೆ ಜನ ನಂಬ್ತಾರೆ."

ನಂಬಿದರು. ಟವರಿಗೆ ಜಾಗ ಕೊಟ್ಟವರು, ಅಂಗಡಿಯವರು, ಜನರೇಟರ್ ನೋಡಿಕೊಳ್ಳುವವರು ಎಲ್ಲರಿಗೂ ನಾನು ಎದುರು ನಿಂತು ಇಲ್ಲ ಎಂದೆ.

ಅದಾದ ಹದಿನೈದು ದಿನಕ್ಕೆ ಒಂದು ಸರ್ವೇ ಬಂತು. ನೆಟ್‌ವರ್ಕ್ ಸುಧಾರಣೆಗೆ ಅಂತ ಹೆಸರು. ಲ್ಯಾಪ್‌ಟಾಪಿಗೆ ಒಂದು ಎಕ್ಸೆಲ್ ಫಾರಂ ಕಳಿಸಿದರು, ಜೊತೆಗೆ ಎರಡು ಫೋನು ಕೊಟ್ಟರು. ಒಂದರಲ್ಲಿ ನಮ್ಮ ಸಿಮ್ಮು, ಇನ್ನೊಂದರಲ್ಲಿ ಆ ಕಂಪನಿಯದು. ಅವರ ಸಿಮ್ಮು ಯಾಕೆ ಸಾರ್ ಎಂದರೆ, "ಪೈಪೋಟಿ ಎಷ್ಟಿದೆ ನೋಡ್ಬೇಡ್ವಾ" ಎಂದರು. ಪ್ರತಿ ಟವರಿನ ಗೇಟಿನ ಬಳಿ ನಿಂತು ಎರಡೂ ಫೋನಿನ ಸಿಗ್ನಲ್ ಅಳತೆ ಬರೆಯಬೇಕು. ಅದು ಮೈನಸ್ಸಿನಲ್ಲಿ ಬರುವ ಲೆಕ್ಕ. ಮೈನಸ್ ಎಪ್ಪತ್ತು ಎಂಬತ್ತಾದರೆ ಗಟ್ಟಿ, ನೂರ ಹತ್ತು ದಾಟಿದರೆ ಮಾತು ತುಂಡಾಗುತ್ತದೆ. ಆಮೇಲೆ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ, ಡೀಸೆಲ್ ಎಷ್ಟು ಕುಡಿಯುತ್ತದೆ, ನಾಲ್ಕು ದಿಕ್ಕಿನ ಫೋಟೋ. ಕೊನೆಯಲ್ಲಿ ಎಷ್ಟು ಕರೆ ಹೋಗುತ್ತವೆ ಎಂಬ ಸರಾಸರಿ. ಅದನ್ನು ಹಿಂದಿನ ಮೂರು ತಿಂಗಳಿನಿಂದಾದರೂ ತೆಗೆಯಬಹುದು, ಇಡೀ ವರ್ಷದಿಂದಾದರೂ ತೆಗೆಯಬಹುದು, ನಮ್ಮಿಷ್ಟ.

"ಎಲ್ಲೆಲ್ಲಿ ವೀಕ್ ಇದೆಯೋ ಚೆನ್ನಾಗಿ ತೋರಿಸಿ," ಎಂದು ಸಾಹೇಬರು ಒತ್ತಿ ಹೇಳಿದರು. "ಹೊಸ ಸಾಮಾನು ಅಲ್ಲಿಗೇ ಮೊದಲು."

ನಮ್ಮ ಸೀಮೆಯ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ಬರೆದುಕೊಂಡು ಹೋಗುವವರು ಯಾರೇ ಬಂದರೂ ನಾವು ಇರುವುದಕ್ಕಿಂತ ಕಡಿಮೆ ತೋರಿಸುತ್ತೇವೆ. ರೇಷನ್ ಕಾರ್ಡಿನವರು ಬಂದರೆಂದರೆ ನಮ್ಮಜ್ಜಿ ಎಮ್ಮೆಯನ್ನು ಪಕ್ಕದ ಮನೆಯ ಹಿತ್ತಲಲ್ಲಿ ಕಟ್ಟಿ ಬಂದು, ಹರಿದ ಸೀರೆ ಉಟ್ಟು ಜಗಲಿಯ ಮೇಲೆ ಕೂರುತ್ತಿದ್ದಳು. ಪಕ್ಕದ ಮನೆಗೆ ಅವರು ಹೋಗುವಷ್ಟರಲ್ಲಿ ಎರಡೂ ಮನೆಯ ಎಮ್ಮೆ ನಮ್ಮ ಹಿತ್ತಲಿಗೆ ಬಂದಿರುತ್ತಿದ್ದವು. ಇದನ್ನು ಸುಳ್ಳು ಎಂದು ಯಾರೂ ತಿಳಿದಿರಲಿಲ್ಲ. ಕಡಿಮೆ ಬರೆಸಿದರೆ ಏನಾದರೂ ಬರುತ್ತದೆ, ಹೆಚ್ಚು ಬರೆಸಿದರೆ ಇರುವುದೂ ಹೋಗುತ್ತದೆ. ಆ ಬುದ್ಧಿಯಲ್ಲೇ ನಾನು ಬೆಳೆದದ್ದು.

ಹಾಗಾಗಿ ಬುಕ್ಕಾಪಟ್ಟಣದ ಆಚೆ, ಕುರುಚಲು ಕಾಡಿನ ಅಂಚಿನ ಗೊಲ್ಲರಹಟ್ಟಿಯ ಟವರಿಗೆ ಹೋದಾಗ ನನಗೆ ಖುಷಿಯೇ ಆಯಿತು. ಆ ಟವರು ಒಂದು ದಿಣ್ಣೆಯ ಮೇಲಿದೆ, ಹಟ್ಟಿ ದಿಣ್ಣೆಯ ಹಿಂದಿನ ತಗ್ಗಿನಲ್ಲಿ. ಅಲ್ಲಿನ ಜನರೇಟರ್ ನೋಡಿಕೊಳ್ಳುತ್ತಿದ್ದುದು ಹಟ್ಟಿಯ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಹಟ್ಟಿಯವರೆಲ್ಲ ನನ್ನನ್ನು ಟವರಪ್ಪ ಎಂದು ಕರೆಯುವ ಹಾಗೆ ಮಾಡಿದವರೂ ಅವರೇ. ಡೀಸೆಲ್ ಅಳೆಯುವುದರಲ್ಲಿ, ಫಿಲ್ಟರ್ ಒರೆಸುವುದರಲ್ಲಿ ನಾಲ್ಕು ತಾಲ್ಲೂಕಿನಲ್ಲಿ ಅವರಷ್ಟು ಅಚ್ಚುಕಟ್ಟು ಯಾರೂ ಇರಲಿಲ್ಲ.

ಬೇಸಿಗೆ ಹುಟ್ಟುವ ಹೊತ್ತಿಗೆ ಹಟ್ಟಿಯ ಗಂಡಸರು ಕುರಿ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುತ್ತಾರೆ, ಮಳೆ ಬಿದ್ದ ಮೇಲೆ ವಾಪಸ್ಸು. ಮನೆಗೊಂದು ಫೋನು, ಆ ಫೋನು ಕುರಿಯ ಹಿಂದೆ ಹೋಗುತ್ತದೆ. ಹಟ್ಟಿಯಲ್ಲಿ ಉಳಿಯುವುದು ಅಕ್ಕನ ಫೋನು ಒಂದೇ. ಸಂಜೆ ಕುರಿ ದಡ್ಡಿಗೆ ಸೇರಿದ ಮೇಲೆ ಅಲ್ಲಿಂದ ಒಬ್ಬೊಬ್ಬರೇ ಫೋನ್ ಮಾಡುತ್ತಾರೆ, ಅಕ್ಕ ಮನೆಮನೆಗೆ ಹೋಗಿ ಕೊಟ್ಟು ಬರುತ್ತಾರೆ. ಹಿಂದಿನ ವರ್ಷ ಹಟ್ಟಿಯ ಹಿರಿಯರೊಬ್ಬರು ತೀರಿಕೊಂಡಾಗ, ದೂರದಲ್ಲಿದ್ದ ಮಗ ಮಣ್ಣಿಗೆ ಬರಲು ಆದದ್ದು ಈ ಫೋನಿನಿಂದ. ಟವರು ಇಲ್ಲದ ಕಾಲದಲ್ಲಿ ಬಸ್ ಕಂಡಕ್ಟರುಗಳ ಕೈಲಿ ಹೇಳಿ ಕಳಿಸುತ್ತಿದ್ದರಂತೆ. ಸುದ್ದಿ ಮುಟ್ಟುವಷ್ಟರಲ್ಲಿ ತಿಥಿ ಮುಗಿದಿರುತ್ತಿತ್ತಂತೆ.

ಅಕ್ಕನ ಕಿವಿಗೂ ಸುದ್ದಿ ಬಿದ್ದಿತ್ತು. "ಏನಪ್ಪಾ ಟವರಪ್ಪ, ಎರಡು ಕಂಪ್ನಿ ಒಂದಾಗ್ಬುಡ್ತವಂತೆ, ನಮ್ ಟವರ್ ಕಿತ್ತಾಕ್ತಾರಂತೆ, ದಿಟವಾ?"

"ಇಲ್ಲಕ್ಕ. ಕೀಳೋರು ಯಾರಾದ್ರೂ ಸರ್ವೇ ಮಾಡ್ತಾರಾ? ಹೊಸ ಸಾಮಾನು ಹಾಕೋಕೆ ಇದು. ನನ್ನ ಮಾತು ನಂಬು."

"ಅಂಗಾರೆ ಕಮ್ಮಿ ಬರ್ಕ. ಬ್ಯಾಟ್ರಿ ಸತ್ತೋಗದೆ ಅಂತ ಬರಿ. ಎಂಗೂ ಗಂಡಸ್ರು ಯಾರೂ ಇಲ್ಲ, ಯಾವ ಫೋನೂ ಹೊಡ್ಕಳಲ್ಲ. ಇಂಥ ಟೇಮಲ್ಲೇ ಬಂದವ್ನೆ ನೋಡು, ಪುಣ್ಯಾತ್ಮ."

ಇಬ್ಬರೂ ನಕ್ಕೆವು. ಸರಾಸರಿಯನ್ನು ಹಿಂದಿನ ಮೂರು ತಿಂಗಳಿನಿಂದಲೇ ತೆಗೆದೆ. ಇಡೀ ವರ್ಷದ್ದು ತೆಗೆದಿದ್ದರೆ ಅದರ ನಾಲ್ಕು ಪಟ್ಟು ಬರುತ್ತಿತ್ತು. ಬ್ಯಾಟರಿ ಇನ್ನೂ ಒಂದು ವರ್ಷ ತಡೆಯುವಂತಿತ್ತು. ಹೋಗಿದೆ ಎಂದು ಬರೆದೆ. ಡೀಸೆಲ್ಲು ಸ್ವಲ್ಪ ಮೇಲಕ್ಕೆ. ಆಮೇಲೆ ಗೇಟಿನ ಬಳಿ ನಿಂತು ಎರಡೂ ಫೋನು ನೋಡಿದೆ. ಆ ಕಂಪನಿಯದು ಎರಡು ಕಡ್ಡಿ ತೋರಿಸುತ್ತಿತ್ತು, ಮೈನಸ್ ತೊಂಬತ್ತಾರು. ದಿಣ್ಣೆಯ ತುದಿಯಲ್ವಾ, ತಾವರೆಕೆರೆ ಕಡೆಯ ಅವರ ಟವರಿನಿಂದ ಹೇಗೋ ಎಳೆದುಕೊಂಡು ಬರುತ್ತಿತ್ತು. ಕೆಳಗೆ ಹಟ್ಟಿಯಲ್ಲಿ ಎಷ್ಟಿದೆ ಎಂದು ನಾನು ನೋಡಲಿಲ್ಲ. ಫಾರಂ ಕೇಳಿರಲಿಲ್ಲ, ಸಂಜೆಯೊಳಗೆ ಗೌಡಗೆರೆ ಕಡೆ ಇನ್ನೊಂದು ಟವರು ಬಾಕಿ ಇತ್ತು. ಅಲ್ಲದೆ ಎದುರಾಳಿ ಗಟ್ಟಿಯಾಗಿದ್ದಾನೆ ಎಂದು ಬರೆದರೆ ನಮ್ಮವರು ಇನ್ನೂ ಬೇಗ ಸಾಮಾನು ಕಳಿಸುತ್ತಾರೆ ಎಂದುಕೊಂಡೆ. ಅಲ್ಲಿ ನೆಟ್‌ವರ್ಕ್ ಇದೆ ಎಂದು ಬರೆದೆ.

ಸರ್ವೇ ನೋಡಿ ಸಾಹೇಬರು ಬಹಳ ಹೊಗಳಿದರು. ಇಡೀ ಜಿಲ್ಲೆಯಲ್ಲಿ ಇಷ್ಟು ನೀಟಾಗಿ ಯಾರೂ ಮಾಡಿಲ್ಲ ಎಂದರು.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೊರಟಗೆರೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಗೋಡೆಯ ಮೇಲಿನ ಟಿವಿಯಲ್ಲಿ ಎರಡೂ ಕಂಪನಿಯ ದೊಡ್ಡವರು ಕೈ ಹಿಡಿದುಕೊಂಡು ನಿಂತಿದ್ದರು. ಹೋಟೆಲಿನವರು ನನ್ನ ಶರ್ಟಿನ ಮೇಲಿನ ಗುರುತು ನೋಡಿ, ಟಿವಿ ನೋಡಿ, ಇನ್ನೊಂದು ಸೌಟು ಚಟ್ನಿ ಹಾಕಿದರು. ಸಾಹೇಬರಿಗೆ ಫೋನ್ ಮಾಡಿದರೆ, "ನನಗೂ ಈಗಲೇ ಗೊತ್ತಾಗಿದ್ದು ಕಣ್ರೀ, ದೇವರಾಣೆ" ಎಂದರು. ಪಾಪ, ಅವರನ್ನೂ ಕತ್ತಲಲ್ಲಿ ಇಟ್ಟಿದ್ದಾರೆ ಎಂದು ನನಗೆ ಮರುಕವೇ ಬಂತು.

ಆ ಮರುಕ ಒಂದು ತಿಂಗಳು ಉಳಿಯಿತು. ಪಾವಗಡದಲ್ಲಿ ಆ ಕಂಪನಿಯ ಟವರು ನೋಡಿಕೊಳ್ಳುವವನೊಬ್ಬ ನನಗೆ ಸ್ನೇಹಿತ. ಇಬ್ಬರ ಕಂಪನಿಯೂ ಕಚ್ಚಾಡುತ್ತಿದ್ದ ಕಾಲದಲ್ಲೂ ನಾವು ಸ್ಪ್ಯಾನರು, ಫ್ಯೂಸು ಕೊಟ್ಟು ತೆಗೆದುಕೊಂಡು ಇದ್ದವರು. ಅವನು ಒಂದು ದಿನ ಟವರಿನ ನೆರಳಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪು ತೆರೆದ.

"ಅಣ್ಣಾ, ಯಾವ ಟವರ್ ಇಟ್ಕೊಳ್ಳೋದು, ಯಾವುದು ತೆಗಿಯೋದು, ಲಿಸ್ಟ್ ಬಂದದೆ ಚೂಡು. ಇದಂತಾ ನುವ್ವು ರಾಸಿಂದೇ ಕದಾ?"

ನಾನು ಬರೆದದ್ದೇ. ನನ್ನ ಅಳತೆ, ನನ್ನ ಫೋಟೋ. ಒಂದು ಫೋಟೋದಲ್ಲಿ ನನ್ನ ನೆರಳೂ ಬಿದ್ದಿತ್ತು. ಗೊಲ್ಲರಹಟ್ಟಿಯ ಸಾಲು ಕೆಂಪಾಗಿತ್ತು. ಕರೆ ಕಡಿಮೆ, ಬ್ಯಾಟರಿ ಇಲ್ಲ, ಡೀಸೆಲ್ ಹೆಚ್ಚು, ಬೇರೆ ಕಂಪನಿಯ ಸಿಗ್ನಲ್ ಲಭ್ಯ: ತೆಗೆಯಿರಿ.

"ಇದ್ಯಾವ ಕಾಲಂ?" ಎಂದೆ. ನಮ್ಮ ಪ್ರತಿ ಟವರಿನ ಪಕ್ಕದಲ್ಲಿ ಅವರ ಕಂಪನಿಯ ಒಂದೊಂದು ಟವರಿನ ನಂಬರು ಬರೆದಿತ್ತು. ನಾನು ತುಂಬಿದ ಫಾರಮ್ಮಿನಲ್ಲಿ ಅಂಥದ್ದನ್ನು ನೋಡಿದ ನೆನಪಿರಲಿಲ್ಲ.

"ನಿನ್ ಫಾರಮ್ಮಲ್ಲೂ ಇರ್ತದಣ್ಣ. ಮುಚ್ಚಿಟ್ಟಿರ್ತಾರೆ."

ಮನೆಗೆ ಬಂದವನೇ ಹಳೆಯ ಮೇಲ್ ತೆಗೆದೆ, ಸರ್ವೇಗೆ ಮುಂಚೆ ಸಾಹೇಬರು ಕಳಿಸಿದ್ದ ಖಾಲಿ ಫಾರಂ. ಮೇಲಿನ ಸಾಲಿನಲ್ಲಿ ಎ, ಬಿ, ಸಿ ಆದ ಮೇಲೆ ನೇರ ಇ ಇತ್ತು. ಡಿ ಇರಲಿಲ್ಲ. ಬೇಸಿಗೆಯುದ್ದಕ್ಕೂ ಆ ಫಾರಂ ನನ್ನ ತೊಡೆಯ ಮೇಲಿತ್ತು, ಒಂದು ಅಕ್ಷರ ಮಾಯವಾದದ್ದನ್ನು ನಾನು ನೋಡಿರಲಿಲ್ಲ. ಎರಡೂ ಬದಿಯ ಕಾಲಂ ಹಿಡಿದು ಬಿಡಿಸಿದೆ. ತೆರೆದುಕೊಂಡಿತು. ಅವರ ಟವರುಗಳ ನಂಬರು, ನಮ್ಮವುಗಳ ಎದುರಿಗೆ ಒಂದೊಂದಾಗಿ. ನಮ್ಮದನ್ನು ತೆಗೆದರೆ ಅದರ ಬದಲಿಗೆ ಅವರದು ಯಾವುದು ಎಂದು, ನಾನು ಮೊದಲ ಅಳತೆ ಬರೆಯುವ ಮೊದಲೇ ಜೋಡಿ ಮಾಡಿ ಮುಗಿಸಿದ್ದರು. ಆ ಫೈಲನ್ನು ಕೊನೆಯ ಸಲ ತಿದ್ದಿದವರ ಹೆಸರೂ ಅದರಲ್ಲೇ ಇತ್ತು. ಸಾಹೇಬರದೇ.

ಮಾರನೆಯ ದಿನ ತುಮಕೂರಿಗೇ ಹೋದೆ. ಅವರು ಗಾಬರಿಯಾಗಲಿಲ್ಲ. ಟೀ ತರಿಸಿದರು.

"ಮೇಲಿನಿಂದ ಹೇಳಬೇಡಿ ಅಂದಿದ್ರು. ಹೇಳಿದ್ರೆ ನೀವೆಲ್ಲ ನಿಮ್ಮ ನಿಮ್ಮ ಟವರ್ ಉಳಿಸ್ಕೊಳ್ಳೋಕೆ ಜಾಸ್ತಿ ಬರೀತಿದ್ರಿ."

"ನೀವು ವೀಕ್ ತೋರಿಸಿ ಅಂದ್ರಿ ಸಾರ್. ಹೊಸ ಸಾಮಾನು ಬರುತ್ತೆ ಅಂದ್ರಿ."

"ಅಂದೆ. ಅದಕ್ಕೇ ನೀವು ಇಷ್ಟು ಚೆನ್ನಾಗಿ ಮಾಡಿದ್ರಿ." ಅವರು ಟೀ ಲೋಟವನ್ನು ನನ್ನ ಕಡೆ ಸರಿಸಿದರು. "ನೋಡಿ, ಎರಡು ಕಂಪನಿಯ ಟೆಕ್ನಿಷಿಯನ್‌ಗಳಲ್ಲಿ ಅರ್ಧ ಜನ ಮನೆಗೆ ಹೋಗ್ತಾರೆ. ಈ ಸರ್ವೇ ತೋರಿಸಿಯೇ ನಿಮ್ಮ ಹೆಸರನ್ನ ಉಳಿಯೋರ ಪಟ್ಟಿಗೆ ಹಾಕಿಸಿದ್ದೀನಿ."

ಗೊಲ್ಲರಹಟ್ಟಿಯದು ತಪ್ಪಾಗಿದೆ, ತಿದ್ದಿಕೊಡುತ್ತೇನೆ ಎಂದೆ.

"ಒಂದು ತಪ್ಪು ಅಂದ್ರೆ ಎಲ್ಲಾನೂ ತಪ್ಪು ಅಂತಾರೆ. ಆಗ ನಿಮ್ಮ ಹೆಸರು ಯಾವ ಪಟ್ಟಿಗೆ ಹೋಗುತ್ತೆ, ಯೋಚನೆ ಮಾಡಿ."

ಬಸ್ಸಿನಲ್ಲಿ ಕೂತು ನಾನಿರುವ ಮಧುಗಿರಿಯವರೆಗೂ ಯೋಚನೆ ಮಾಡಿದೆ. ಮನೆಯಲ್ಲಿ ಇಬ್ಬರು ಮಕ್ಕಳು, ನನ್ನೊಬ್ಬನ ದುಡಿಮೆ. ಬೆಳಿಗ್ಗೆ ಎದ್ದು, ಆ ಎರಡು ಫೋನು ತೆಗೆದುಕೊಂಡು, ಯಾರಿಗೂ ಹೇಳದೆ ಹಟ್ಟಿಗೆ ಹೋದೆ.

ಗಂಡಸರು ಊರಲ್ಲಿದ್ದರು. ಹಟ್ಟಿಯ ತುಂಬ ಕುರಿ, ಮರಿ, ಫೋನಿನ ಹಾಡು. ನನ್ನ ಕೈಯಲ್ಲಿ ಎರಡು ಫೋನು ನೋಡಿದ್ದೇ ಅಕ್ಕನ ಮುಖ ಅರಳಿತು.

"ಇನ್ನೊಂದು ಸಲ ಬರ್ಕಂಡೋಯ್ತಿಯಾ? ಈ ಸಲಾನೂ ಕಮ್ಮಿ ಬರ್ಸನಾ? ಇವ್ರನ್ನೆಲ್ಲ ಒಸಿ ಹೊತ್ತು ಫೋನು ಮುಟ್ಬ್ಯಾಡ್ರಿ ಅಂತೀನಿ ತಡಿ."

"ಬೇಡಕ್ಕ. ಇರೋದನ್ನೇ ಬರೀತೀನಿ. ನನ್ ಜೊತೆ ಬಾ."

ಮನೆಮನೆಗೂ ಹೋದೆವು. ಹೊಸ್ತಿಲಲ್ಲಿ ಒಂದು ಅಳತೆ, ಒಳಗೆ ಒಂದು, ಕುರಿ ರೊಪ್ಪದಲ್ಲಿ ಒಂದು. ನಮ್ಮದು ಎಲ್ಲ ಕಡೆ ಎಂಬತ್ತರ ಆಸುಪಾಸು. ಅವರದು ಒಂದು ಮನೆಯಲ್ಲೂ ಇಲ್ಲ. ಪರದೆಯ ಮೇಲೆ ಸರ್ವಿಸ್ ಇಲ್ಲ ಎಂಬ ಸಾಲೊಂದೇ. ದಿಣ್ಣೆ ಹತ್ತುತ್ತ ಹತ್ತುತ್ತ, ಗೇಟು ಹತ್ತಿರವಾದ ಮೇಲೆ ಆ ಎರಡು ಕಡ್ಡಿ ಮೂಡಿದವು. ಅಲ್ಲೇ ಕಲ್ಲಿನ ಮೇಲೆ ಕೂತು ಅಕ್ಕನಿಗೆ ಎಲ್ಲ ಹೇಳಿದೆ. ಮುಚ್ಚಿಟ್ಟ ಕಾಲಂ, ಕೆಂಪು ಸಾಲು, ನಾವು ಕಡಿಮೆ ಮಾಡಿ ಬರೆದದ್ದು, ಎಲ್ಲ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಅಂದ್ರೆ ನೀನು ನಾನೇ ಸೇರ್ಕಂಡು ಇದನ್ನ ಕಿತ್ತಾಕಿಸ್ದೋ."

"ನನ್ ಸಾಹೇಬ್ರು ನನಗೆ ಸುಳ್ಳು ಹೇಳಿದ್ರಕ್ಕ."

"ಅವ್ರು ನಿಂಗೆ ಹೇಳುದ್ರು. ನಂಗೆ ಹೇಳ್ದೋನು ನೀನಲ್ವಾ."

ನಾನು ಸಣ್ಣ ದನಿಯಲ್ಲಿ, ಇಲ್ಲಿ ಗೇಟಿನ ಹತ್ತಿರ ಆ ಕಂಪನಿಯದು ಸಿಗುತ್ತದೆ, ಆ ಸಿಮ್ಮು ಹಾಕಿಸಿಕೊಂಡರೆ ಎಂದೇನೋ ಶುರುಮಾಡಿದೆ.

"ಗಂಡಸ್ರು ಫೋನ್ ಮಾಡೋದು ಸಂಜೆ, ಸಾವು ನೋವು ಹೊತ್ತು ನೋಡ್ಕಂಡ್ ಬತ್ತದಾ? ಬೆಳಗಿಂದ ಬೈಗಿನಗಂಟ ಇಲ್ಲೇ ಗೇಟ್ ಕಾಯ್ಕಂಡು ನಿಂತ್ಕಳನಾ?"

ವಾಪಸ್ಸು ಬಂದು ಎರಡನೆಯ ಸರ್ವೇ ಬರೆದೆ. ಇಡೀ ವರ್ಷದ ಸರಾಸರಿ ಹಾಕಿದೆ, ಮನೆಮನೆಯ ಅಳತೆ ಹಾಕಿದೆ. ಮೊದಲನೆಯದನ್ನು ನಾನೇ ಬೇಕೆಂದು ಕಡಿಮೆ ಮಾಡಿ ಬರೆದದ್ದು, ಟವರಿಗೆ ಒಳ್ಳೆಯದಾಗಲಿ ಎಂಬ ಆಸೆಯಿಂದ ಹಾಗೆ ಮಾಡಿದ್ದು ಎಂದೂ ಬರೆದೆ. ಸಾಹೇಬರನ್ನು ದಾಟಿಸಿ ಹೊಸ ಕಂಪನಿಯ ಎಂಜಿನಿಯರಿಗೆ ಕಳಿಸಿ, ಪ್ರತಿಯನ್ನು ಸಾಹೇಬರಿಗೂ ಹಾಕಿದೆ. ಕಳಿಸಿದ ಮೇಲೆ ಕೆಲಸ ಹೋಯಿತೆಂದೇ ತಿಳಿದು ಮಧುಗಿರಿಯ ಎಲೆಕ್ಟ್ರಿಕ್ ಅಂಗಡಿಯೊಂದರಲ್ಲಿ ಕೇಳಿಯೂ ಇಟ್ಟಿದ್ದೆ.

ಕೆಲಸ ಹೋಗಲಿಲ್ಲ. ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಒಂದೇ ಸೈಟಿಗೆ ಒಬ್ಬರೇ ಬರೆದ ಎರಡು ವರದಿ ಇರುವುದರಿಂದ, ಮೇಲಧಿಕಾರಿಗಳು ದೃಢೀಕರಿಸಿದ ಮೊದಲನೆಯದನ್ನೇ ಪರಿಗಣಿಸಲಾಗಿದೆ ಎಂದಿತ್ತು. ದೃಢೀಕರಿಸಿದ ಸಾಹೇಬರು ಆ ಹಟ್ಟಿಯನ್ನು ಕಣ್ಣಿನಲ್ಲೂ ಕಂಡವರಲ್ಲ. ಅದರ ಹಿಂದೆಯೇ ಹೊಸ ಕಂಪನಿಯ ನೇಮಕದ ಪತ್ರ ಬಂತು. ಸಹಿ ಮಾಡಿದೆ. ಮಾಡಲಿಲ್ಲ ಎಂದು ಇಲ್ಲಿ ಬರೆದುಕೊಂಡರೆ ಚೆನ್ನಾಗಿರುತ್ತದೆ, ಆದರೆ ಮಾಡಿದೆ.

ಮುಂದಿನ ಬೇಸಿಗೆಗೆ ಕುರಿಗಳು ಹೊರಟುಹೋದ ಮೇಲೆ ಗೊಲ್ಲರಹಟ್ಟಿಯ ಟವರು ಬಂದ್ ಮಾಡುವ ಆದೇಶ ಬಂತು. ಮಾಡಬೇಕಾದವರ ಜಾಗದಲ್ಲಿ ನನ್ನ ಹೆಸರು. ಬೇರೆಯವರನ್ನು ಕಳಿಸಿ ಎನ್ನಬಹುದಿತ್ತು. ಅನ್ನಲಿಲ್ಲ. ಗುರುತಿಲ್ಲದವನೊಬ್ಬ ಬಂದು ಏನೂ ಹೇಳದೆ ಕೇಳದೆ ಆರಿಸಿ ಹೋಗುವುದು ಬೇಡ ಅನ್ನಿಸಿತು.

ಹನ್ನೊಂದು ಗಂಟೆಯ ಬಿಸಿಲು. ಮೊದಲು ಹಟ್ಟಿಗೆ ಹೋಗಿ ಅಕ್ಕನಿಗೆ ವಿಷಯ ಹೇಳಿಯೇ ದಿಣ್ಣೆ ಹತ್ತಿದೆ. ಕ್ರಮ ಹೀಗೆ: ಮೊದಲು ಬೆಂಗಳೂರಿನ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಸೈಟಿನ ನಂಬರು ಹೇಳಬೇಕು, ಅವರು ಸರಿ ಎಂದ ಮೇಲೆ ರೇಡಿಯೋ ಪೆಟ್ಟಿಗೆಯ ಮೂರು ಸ್ವಿಚ್ಚು ಇಳಿಸಬೇಕು, ಆಮೇಲೆ ಬ್ಯಾಟರಿಯ ತಂತಿ ಬಿಚ್ಚಬೇಕು, ಕೊನೆಗೆ ಜನರೇಟರಿನ ಬೀಗ. ನಾನು ಪೆಟ್ಟಿಗೆಯ ಬಾಗಿಲು ತೆಗೆಯುವಾಗ ಅಕ್ಕ ದಿಣ್ಣೆ ಹತ್ತಿ ಬಂದರು. ಹಿಂದೆ ಹಟ್ಟಿಯ ಹೆಂಗಸರೆಲ್ಲ ಇದ್ದರು.

"ಒಸಿ ತಡಿ," ಎಂದರು ಅಕ್ಕ. "ಎಲ್ರಿಗೂ ಒಂದೊಂದ್ಸಲ ಮಾತಾಡಿಸ್ಬುಡ್ತೀನಿ."

ಫೋನು ಕೈಯಿಂದ ಕೈಗೆ ಹೋಯಿತು. ಇನ್ನು ಮೇಲೆ ಮಾಡಬೇಡ, ಹೊಡೆದುಕೊಳ್ಳುವುದಿಲ್ಲ, ಗಾಬರಿಯಾಗಬೇಡ ಎಂದು ಒಬ್ಬೊಬ್ಬರೇ ಹೇಳಿದರು. ಒಬ್ಬಳು, ಕಪ್ಪು ಮೇಕೆ ಎರಡು ಮರಿ ಹಾಕಿದೆ ಎನ್ನುವುದನ್ನೇ ಮೂರು ಸಲ ಹೇಳಿದಳು. ಆದೇಶದಲ್ಲಿ ಹನ್ನೊಂದಕ್ಕೆ ಎಂದಿದ್ದುದರಿಂದ ಕಂಟ್ರೋಲ್ ರೂಮಿನವರು ಅಷ್ಟರಲ್ಲಿ ತಾವೇ ಎರಡು ಸಲ ಫೋನ್ ಮಾಡಿದರು, ಇನ್ನೂ ಯಾಕೆ ನಂಬರು ಹೇಳಿಲ್ಲ ಎಂದು. ಬೀಗದ ಕೈ ಸಿಗುತ್ತಿಲ್ಲ ಎಂದೆ.

ಕೊನೆಗೆ ಅಕ್ಕ ತಮ್ಮ ಯಜಮಾನರಿಗೆ ಮಾಡಿದರು. ಆ ಕಡೆಯ ದನಿ ಜೋರಾಗಿತ್ತು, ಪೆಟ್ಟಿಗೆಯ ಬಳಿ ನಿಂತ ನನಗೂ ಕೇಳುತ್ತಿತ್ತು.

"ಬಂದ್ ಮಾಡಕ್ಕೆ ಯಾರು ಬಂದವ್ರೆ? ನಮ್ ಟವರಪ್ಪ ಇಲ್ವಾ ಅಲ್ಲಿ? ಅವನ್ಗೆ ಒಂದ್ಮಾತು ಹೇಳೇ, ಅವನು ಬುಡಲ್ಲ."

ಅಕ್ಕ ನನ್ನ ಕಡೆ ತಿರುಗಿ ನೋಡಿದರು. ನಾನೂ ನೋಡಿದೆ.

"ಇಲ್ಲ ಕಣಯ್ಯ," ಎಂದರು ಫೋನಿನಲ್ಲಿ. "ಇವ್ರು ಯಾರೋ ಕಂಪ್ನಿಯೋರು. ನಮ್ಗೆ ಗೊತ್ತಿಲ್ದೋರು."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಂಗಸರನ್ನು ಕರೆದುಕೊಂಡು ಅವರು ದಿಣ್ಣೆ ಇಳಿದರು. ನಾನು ಸೈಟಿನ ನಂಬರು ಹೇಳಿ, ಸರಿ ಎನ್ನಿಸಿಕೊಂಡು, ಮೂರು ಸ್ವಿಚ್ಚುಗಳನ್ನೂ ಇಳಿಸಿದೆ.